ಬೋಟಿನ ಹೊಟ್ಟೆಯಲ್ಲಿ ನನ್ನ ಬಲಗೈ

ಒಂದು ಇಡೀ ಮಧ್ಯಾಹ್ನ ನಾನು ಬೋಟಿನ ಹೊಟ್ಟೆಯೊಳಗೆ ತಲೆಕೆಳಗಾಗಿ, ಬಲಗೈ ಅದರ ತಳಕ್ಕೆ ಅಂಟಿಸಿಕೊಂಡು ಬಿದ್ದಿದ್ದೆ ಎಂದರೆ ತವರಿನವರು ಇವತ್ತಿಗೂ ನಂಬುವುದಿಲ್ಲ. ತಪ್ಪು ಅವರದಲ್ಲ. ನಮ್ಮದು ಇಂಡಿ ಕಡೆ. ಅಲ್ಲಿ ಆಳ ಎಂದರೆ ಬೋರಿನ ಆಳ. ಬೀಗರು ಬಂದರೆ ಕುಡಿಯಲು ನೀರು ಕೊಟ್ಟು, ಅವರು ತಂಬಿಗೆ ಕೆಳಗಿಡುವುದರೊಳಗೆ "ನಿಮಗ ಎಷ್ಟು ಅಡಿಗೆ ಬಿತ್ರಿ?" ಎಂದು ಕೇಳುವ ಜನ. ನಿಂಬೆಗಿಡಗಳ ನಡುವೆ ಬೆಳೆದ ನನ್ನನ್ನು ತಂದು ಬಸವನ ಬಾಗೇವಾಡಿ ತಾಲೂಕಿನ ಹಿನ್ನೀರಿನ ದಂಡೆಗೆ ಕೊಟ್ಟರು. ಇಲ್ಲಿ ನೀರನ್ನು ಹುಡುಕಬೇಕಾಗಿಲ್ಲ. ಅದೇ ಊರು ಹುಡುಕಿಕೊಂಡು ಬಂದು ಮನೆಗಳ ಮೇಲೆ ಕೂತಿದೆ.

ನನ್ನ ಗಂಡನ ಹಳೆಯ ಊರು ಆ ನೀರಿನೊಳಗಿದೆ. ಈಗ ನಾವಿರುವುದು ಮೇಲಿನ ದಿನ್ನೆಯ ಮೇಲೆ ಕಟ್ಟಿಕೊಟ್ಟ ಹೊಸ ಊರು. ಬಾಗೇವಾಡಿಯಲ್ಲಿ ನಮ್ಮದೊಂದು ಮೋಟಾರು ವೈಂಡಿಂಗ್ ಅಂಗಡಿ. ಇಂಗಳೇಶ್ವರದಿಂದ, ಮಸೂತಿಯಿಂದ, ಅತ್ತ ಮುದ್ದೇಬಿಹಾಳದ ಕಡೆಯಿಂದಲೂ ರೈತರು ಸುಟ್ಟ ಪಂಪಿನ ಮೋಟಾರುಗಳನ್ನು ಬೈಕಿಗೆ ಕಟ್ಟಿಕೊಂಡು ಬರುತ್ತಾರೆ. ಬಿಚ್ಚುವುದು, ಜೋಡಿಸುವುದು ನಮ್ಮವರ ಕೆಲಸ. ಒಳಗಿನ ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಕುಡಿಸಿ ಒಣಗಿಸುವುದು ನನ್ನದು. ಸಣ್ಣ ಕೈ ಎಂದು ಮದುವೆಯಾದ ಹೊಸದರಲ್ಲಿ ಅವರೇ ಕಲಿಸಿದರು. ಈಗ ಗಿರಾಕಿಗಳು ಬಂದು "ಅಕ್ಕಾರ ಸುತ್ತಿದ್ದs ಬೇಕು" ಎನ್ನುತ್ತಾರೆ. ನಮ್ಮವರಿಗೆ ಒಳಗೊಳಗೆ ಸ್ವಲ್ಪ ಉರಿಯುತ್ತದೆ, ಉರಿಯಲಿ.

ಹೋದ ವರ್ಷ ಸಿಂದಗಿ ಕಡೆಯ ಒಬ್ಬ ಸಾಹುಕಾರರು ಹಿನ್ನೀರಿನ ಮೀನಿನ ಗುತ್ತಿಗೆ ಹಿಡಿದರು. ಬಲೆ ಕದಿಯುವವರನ್ನು ಕಾಯಲು, ಆ ದಂಡೆಯ ಮೀನು ಈ ದಂಡೆಗೆ ತರಲು ಗೋವಾದಿಂದ ಹಳೆಯದೊಂದು ಸಣ್ಣ ಜೆಟ್ ಬೋಟು ಕೊಂಡು ತಂದರು. ಅದಕ್ಕೆ ಹಿಂದೆ ತಿರುಗುವ ಪಂಖವಿಲ್ಲ, ಹಾಗಾಗಿ ಬಲೆ ಸಿಕ್ಕಿಕೊಳ್ಳುವುದಿಲ್ಲ. ಹೊಟ್ಟೆಯ ಕೆಳಗಿನ ಬಾಯಿಯಿಂದ ನೀರು ಎಳೆದು ಹಿಂದಕ್ಕೆ ಉಗುಳುತ್ತದೆ, ಆ ರಭಸಕ್ಕೆ ಮುಂದೆ ಓಡುತ್ತದೆ. ನಮ್ಮವರು ಒಮ್ಮೆ ಬಗ್ಗಿ ನೋಡಿ, "ಇದೇನ್ರಿ ಸಾವಕಾರ್ರ, ಪಂಪ್‌ಸೆಟ್ಟಿಗೆ ಕುರ್ಚಿ ಹಚ್ಯಾರ!" ಎಂದರು. ಆ ಒಂದು ಮಾತಿಗೆ ಸಾಹುಕಾರರು ಮೆಚ್ಚಿ ಇವರನ್ನೇ ಮೆಕ್ಯಾನಿಕ್ಕು, ಇವರನ್ನೇ ಡ್ರೈವರು ಮಾಡಿಕೊಂಡರು. ಅಂಗಡಿ ನನ್ನ ಕೊರಳಿಗೆ ಬಿತ್ತು.

ಹಳೆಯ ಊರಿನ ಅಗಸಿ, ಅಂದರೆ ಊರಬಾಗಿಲು, ಕಲ್ಲಿನದು. ಊರು ಬಿಡುವಾಗ ಜನ ತಮ್ಮ ಮನೆಗಳ ಬಾಗಿಲು, ತೊಲೆ, ಒಳಕಲ್ಲು ಸಹಿತ ಹೊತ್ತುಕೊಂಡು ಹೋದರು. ಅಗಸಿಯನ್ನು ಹೊರುವವರು ಯಾರು? ಅದು ಅಲ್ಲೇ ನಿಂತಿತು. ಬೇಸಿಗೆಯಲ್ಲಿ ನೀರು ಇಳಿದಾಗ ಕಾಣುತ್ತದೆ, ಮಳೆಗಾಲದಲ್ಲಿ ಪೂರ್ತಿ ಮುಳುಗುತ್ತದೆ. ಅಪಾಯವಿರುವುದು ನಡುವಿನ ದಿನಗಳಲ್ಲಿ. ದಸರೆ ಮುಗಿದು ನೀರು ಒಮ್ಮೆ ಇಳಿದು ಒಮ್ಮೆ ಏರುವಾಗ ಅದರ ತಲೆ ನೀರಿನ ಕೆಳಗೇ ಅಡಗಿ ಕೂತಿರುತ್ತದೆ. "ನಮ್ಮೂರ ಓಣಿ ನನಗ ಕಲಸ್ತೀರೇನು?" ಎನ್ನುತ್ತ ನಮ್ಮವರು ನೆನಪಿನ ಮೇಲೆ ಬೋಟು ಓಡಿಸುತ್ತಿದ್ದರು. ಚಿಕ್ಕಂದಿನಲ್ಲಿ ಕೆಳಗೆ ನಡೆದಾಡಿದ ಊರನ್ನು ಮೇಲಿನಿಂದ ದಾಟುವಾಗ ಎಡಬಲ ತಪ್ಪದೇ ಇರುತ್ತದೆಯೇ? ಒಂದು ದಿನ ಬೋಟು ಅಗಸಿಯ ತಲೆಗೆ ಬಡಿದು ಗಕ್ಕನೆ ನಿಂತಿತು. ಇವರ ಬಾಯಿ ಸ್ಟೇರಿಂಗಿಗೆ ಬಡಿಯಿತು. ಮುಂದಿನ ಎರಡು ಹಲ್ಲು ಹೋದವು, ಒಂದು ಪಕ್ಕೆಲುಬು ಸೀಳಿತು. ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಮನೆಗೆ ಬಂದವರು ಹೇಳಿದ್ದು ಒಂದೇ ಮಾತು: "ಅಗಸಿ ಸರದೈತಿ."

ಕಲ್ಲಿನ ಅಗಸಿ ಸರಿದಿದೆಯಂತೆ, ಇವರ ನೆನಪು ಮಾತ್ರ ಕದಲಿಲ್ಲವಂತೆ! ನಾನು ಅಳುತ್ತಲೇ ಬೈದೆ, ಬೈಯುತ್ತಲೇ ರಕ್ತ ಒರೆಸಿದೆ. ಇವರಿಗೆ ಈಜು ಬರುತ್ತದೆ ಎನ್ನುವುದೊಂದೇ ಸಮಾಧಾನ. ಪಕ್ಕೆಲುಬು ಸೀಳಿದ ಮನುಷ್ಯ ಎಷ್ಟು ದೂರ ಈಜಿಯಾನು? ಬೋಟಿನ ಸಹವಾಸ ಬಿಡಿ ಎಂದರೆ ಕೇಳಲಿಲ್ಲ. ಗಾಯ ಮಾಯುತ್ತಲೇ ಮತ್ತೆ ಚಪ್ಪಲಿ ಹಾಕಿಕೊಂಡು ದಂಡೆಗೆ ಹೋಗತೊಡಗಿದರು. ಆಗ ನಾನೇ ಸಾಹುಕಾರರ ಹತ್ತಿರ ಹೋದೆ. "ನೀರಿನ ಆಳ ತೋರಿಸೋ ಮಷೀನು ಬರ್ತಾವಂತರಿ. ಅದನ್ನ ಹಾಕಸ್ರಿ. ಇಲ್ಲಂದ್ರ ನಾ ಇವರನ್ನ ಮನಿಯಾಗ ಕಟ್ಟಿ ಹಾಕ್ತೇನಿ" ಎಂದೆ. ಸಾಹುಕಾರರು ಒಳ್ಳೆಯ ಮನುಷ್ಯರು, ನಕ್ಕು ತರಿಸಿದರು.

ಡಬ್ಬಿ ಬಂತು, ಆದರೆ ಹಾಕುವವರು ಬರಲಿಲ್ಲ. ಬೋಟು ಮಾರಿದ ಗೋವಾದವನು ಮುಂದಿನ ತಿಂಗಳು ಎಂದ. ಸಾಹುಕಾರರು ಸೋಮವಾರ ಬೋಟು ನೀರಿಗೆ ಇಳಿಯಲೇಬೇಕು, ಅತ್ತ ದಂಡೆಯಲ್ಲಿ ಮೀನು ಕೊಳೆಯುತ್ತಿದೆ ಎಂದರು. "ನಾ ಹಾಕ್ತೇನಿ ತಗೋರಿ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ನನ್ನ ನಾಲಿಗೆ ಯಾವಾಗಲೂ ನನಗಿಂತ ಎರಡು ಹೆಜ್ಜೆ ಮುಂದೆ. ಆಮೇಲೆ ನಾಲ್ಕು ದಿನ ಅಂಗಡಿಯಲ್ಲಿ ಕೂತು ಫೋನಿನಲ್ಲಿ ವಿಡಿಯೋ ನೋಡಿದ್ದೇ ನೋಡಿದ್ದು.

ಆ ಯಂತ್ರದ ಮರ್ಮ ಇಷ್ಟೇ. ಅಂಗೈಯಷ್ಟಗಲದ ಒಂದು ಕಪ್ಪು ಸೆನ್ಸರ್ ಇದೆ. ಅದು ನೀರಿನೊಳಕ್ಕೆ ಶಬ್ದ ಕಳಿಸುತ್ತದೆ, ಶಬ್ದ ತಳಕ್ಕೆ ಬಡಿದು ತಿರುಗಿ ಬರುತ್ತದೆ, ಎಷ್ಟು ಹೊತ್ತಿಗೆ ಬಂತು ಎನ್ನುವುದರ ಮೇಲೆ ಆಳ ಎಷ್ಟು ಅಡಿ ಎಂದು ಸ್ಟೇರಿಂಗಿನ ಪಕ್ಕದ ಪರದೆಯಲ್ಲಿ ಕಾಣುತ್ತದೆ. ಬೇರೆ ಬೋಟಿಗಾದರೆ ಸೆನ್ಸರನ್ನು ಹಿಂಭಾಗದಲ್ಲಿ ಹೊರಗೇ ಬಿಗಿಯುತ್ತಾರೆ. ಜೆಟ್ ಬೋಟಿನ ಹಿಂದೆ ನೀರೆಲ್ಲ ಕುದಿದು ನೊರೆಯಾಗುತ್ತದೆ, ನೊರೆಯಲ್ಲಿ ಶಬ್ದ ಸಾಯುತ್ತದೆ. ತಳಕ್ಕೆ ತೂತು ಕೊರೆಯೋಣ ಎಂದರೆ ಸಾಹುಕಾರರು ಎದೆ ಹಿಡಿದುಕೊಂಡರು. ಉಳಿದದ್ದು ಒಂದೇ ದಾರಿ. ಬೋಟಿನ ಒಳಗಿನಿಂದ, ನೀರೆಳೆಯುವ ಬಾಯಿಗಿಂತ ಮುಂದೆ, ಫೈಬರ್ ಗಟ್ಟಿಯಾಗಿರುವ ಜಾಗದಲ್ಲಿ ಎರಡು ಡಬ್ಬಿ ಬೆರೆಸಿದ ಅಂಟಿನಲ್ಲಿ ಅದನ್ನು ಕೂರಿಸಬೇಕು. ನಡುವೆ ಒಂದೇ ಒಂದು ಗಾಳಿಗುಳ್ಳೆ ಉಳಿಯಬಾರದು. ಉಳಿದರೆ ಮಷೀನು ಸುಳ್ಳು ಹೇಳುತ್ತದೆ, ನಮ್ಮವರು ಆ ಸುಳ್ಳನ್ನು ನಂಬಿ ಅಗಸಿಯ ಮೇಲೆ ಹೋಗುತ್ತಾರೆ. ಆ ವಾರವೆಲ್ಲ ನನ್ನ ತಲೆಯಲ್ಲಿ ಇದು ಬಿಟ್ಟು ಬೇರೇನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ದಂಡೆಗೆ ಹೋದೆವು. ಬೋಟು ಗಾಡಿಯ ಮೇಲೆ ಬಿಸಿಲಿಗೆ ನಿಂತಿತ್ತು. ನೆಲದ ಹಲಗೆಯಲ್ಲಿ ಇಂಜಿನ್ನಿನ ಮುಂದೆ ಒಂದು ಸಣ್ಣ ಮುಚ್ಚಳ. ಅದನ್ನು ತೆಗೆದರೆ ಒಬ್ಬರು ತಲೆ, ಒಂದು ಭುಜ, ಒಂದು ಕೈ ತೂರಿಸುವಷ್ಟು ಜಾಗ. ನಮ್ಮವರ ಭುಜ ಹೋಗಲಿಲ್ಲ. ಸಾಹುಕಾರರ ಹೊಟ್ಟೆಯ ಮಾತು ಬೇಡ. ನಾನು ನಮ್ಮವರ ಪ್ಯಾಂಟು, ತುಂಬು ತೋಳಿನ ಅಂಗಿ ಹಾಕಿಕೊಂಡೇ ಬಂದಿದ್ದೆ. ಬಲೆ ಒಣಗಿಸುತ್ತಿದ್ದವರು ಕೆಲಸ ಬಿಟ್ಟು ನೋಡಿದರು. ನೋಡಲಿ, ಪ್ಯಾಂಟು ಕಂಡಿಲ್ಲವೇ!

ಇಳಿಯುವ ಮುಂಚೆ ಬಳೆಗಳ ಮಾತು ಬಂತು. ಹಬ್ಬಕ್ಕೆ ತೊಡಿಸಿಕೊಂಡ ಹಸಿರು ಗಾಜಿನ ಬಳೆ, ಕೈಗೊಂದು ಡಜನ್. ನಮ್ಮ ಕಡೆ ಬಳೆಗಾರ್ತಿ ಕೈಯ ಎಲುಬು ಹಿಂಡಿ ತೊಡಿಸುತ್ತಾಳೆ. ಸಡಿಲ ಬಳೆ ತೊಡಿಸಿದರೆ ಅವಳ ಮಾನ ಹೋಗುತ್ತದೆ. ಒಮ್ಮೆ ಹತ್ತಿದವು ಇಳಿಯುವುದಿಲ್ಲ, ಒಡೆಯಬೇಕು ಅಷ್ಟೇ. ಸಾಬೂನು ಹಚ್ಚಿಯಾದರೂ ಬಲಗೈಯವನ್ನು ತೆಗೆದು ನೋಡುತ್ತೇನೆ ಎಂದು ನಾನು ಅಂದದ್ದೇ ತಡ, ನಮ್ಮವರ ಮುಖ ಕಪ್ಪಿಟ್ಟಿತು.

"ನಾಳಿ ನೀರಿಗೆ ಹೋಗಾಂವ ನಾನು. ಇವತ್ತ ಕೈ ಬರಿದು ಮಾಡ್ಕೋತಿ?"

"ಮಷೀನು ಬ್ಯಾಡ, ನೆನಪು ಸಾಕು ಅನ್ನಾವ್ರು ನೀವs ಅಲ್ಲೇನ್ರಿ? ಬಳಿ ಮ್ಯಾಲ ಬಾಳ ನಂಬಿಗಿ ಬಂತಲ್ಲ!"

"ಅದು ಬ್ಯಾರೆ, ಇದು ಬ್ಯಾರೆ" ಎಂದರು.

ಬೇರೆ ಹೇಗೆ ಎಂದು ನಾನು ಜಗಳ ಮುಂದುವರಿಸಬಹುದಿತ್ತು. ಮುಂದುವರಿಸಲಿಲ್ಲ. ನಿಜ ಹೇಳುತ್ತೇನೆ, ನನಗೂ ಒಳಗೆ ಅಳುಕಿತ್ತು. ಅಂಗಡಿಯಲ್ಲಿ ಮಾಡುವ ಹಾಗೆಯೇ ಅಂಗಿಯ ತೋಳು ಮಡಚಿ, ಬಳೆಗಳನ್ನು ಮೊಣಕೈಯ ಕಡೆಗೆ ಮೇಲೆ ಸರಿಸಿ ಕರವಸ್ತ್ರದಿಂದ ಬಿಗಿದು ಕಟ್ಟಿಕೊಂಡು ಇಳಿದೆ.

ಒಳಗೆ ಪೆಟ್ರೋಲು, ಹಳೆಯ ಮೀನು, ಕಾದ ಫೈಬರಿನ ವಾಸನೆ. ತಳದ ಎರಡು ಆಧಾರಪಟ್ಟಿಗಳ ನಡುವಿನ ಕಿರಿದಾದ ಗುಂಡಿಗೆ ಕೈ ಇಳಿಸಿ, ಬೆರಳ ಗೆಣ್ಣಿನಿಂದ ತಟ್ಟಿ ಗಟ್ಟಿ ಜಾಗ ಹುಡುಕಿದೆ. ತಿಕ್ಕಿದೆ, ಒರೆಸಿದೆ. ನಮ್ಮವರು ಮೇಲಿನಿಂದ ಅಂಟು ಬೆರೆಸಿ ಕೊಟ್ಟರು. ಇಲ್ಲಿ ನಾನು ತಪ್ಪಿದೆ. ನನಗೆ ಗೊತ್ತಿರುವುದು ವಾರ್ನಿಶ್. ವಾರ್ನಿಶ್ ಎಷ್ಟು ಸುರಿದರೂ ತಂತಿ ಕುಡಿಯುತ್ತದೆ, ಒಣಗಲು ಎರಡು ದಿನ ಬಿಸಿಲು ಬೇಕು. ಅದೇ ಕೈಯಲ್ಲಿ ಧಾರಾಳವಾಗಿ ಅಂಟು ಸುರಿದೆ. ಸೆನ್ಸರನ್ನು ಇಟ್ಟು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಗುಳ್ಳೆಗಳನ್ನು ಅಂಚಿಗೆ ಹೊರಡಿಸುತ್ತ, ಅವಸರವಿಲ್ಲದೆ ಒತ್ತಿ ಹಿಡಿದೆ. ಹೆಚ್ಚಾದ ಅಂಟು ಗುಂಡಿಯ ತುಂಬ ಹರಡಿತು.

ತಲೆ ಕೆಳಗೆ, ಕೈ ಅದಕ್ಕಿಂತ ಕೆಳಗೆ. ಬೆವರಿಗೆ ಕರವಸ್ತ್ರ ಜಾರಿತು. ಬಳೆಗಳು ಝಣ್ ಎಂದು ಮಣಿಕಟ್ಟಿಗೆ ಇಳಿದು ಅಂಟಿನಲ್ಲಿ ಕೂತವು. ಕೇಳಿಸಿತು ನನಗೆ. ಆದರೆ ಬಿಟ್ಟರೆ ಸೆನ್ಸರ್ ಸರಿದು ಗಾಳಿ ಸೇರುತ್ತದೆ. ವಾರ್ನಿಶ್ ಹಸಿ ಇದ್ದಾಗ ಬಳೆಗೆ ಹತ್ತಿದರೆ ಒರೆಸಿದರೆ ಹೋಗುತ್ತದಲ್ಲ, ಆಮೇಲೆ ನೋಡೋಣ ಎಂದುಕೊಂಡು ಒತ್ತಿಯೇ ಹಿಡಿದೆ. ಡಬ್ಬಿಯ ಮೇಲೆ ಗಟ್ಟಿಯಾಗಲು ಬರೆದಿದ್ದ ಹೊತ್ತು ಯಾವ ತಂಪು ದೇಶದ್ದೋ. ಬಾಗೇವಾಡಿಯ ಬಿಸಿಲಿಗೆ ಕಾದ ಬೋಟಿನಲ್ಲಿ ಅಂಟು ಕೈಯಡಿಯೇ ಬಿಸಿಯಾಗಿ, ನೋಡನೋಡುತ್ತ ಕಲ್ಲಾಯಿತು.

"ಆತೇನು?" ಎಂದರು ನಮ್ಮವರು.

"ಆತ್ರಿ. ಎಳೀರಿ ಮ್ಯಾಲ."

ಎರಡೂ ಕಾಲು ಹಿಡಿದು ಎಳೆದರು. ನನ್ನ ಭುಜ ಕಿತ್ತು ಬಂದಂತಾಯಿತು. "ಬಿಡ್ರಿ! ಬಿಡ್ರಿ ಅಂದ್ರ ಬಿಡ್ರಿ!" ಎಂದು ಕೂಗಿದೆ.

"ಏನಾತ?"

"ಬಳಿ ಅಂಟ್ಯಾವ. ತಳಕ್ಕ ಹತ್ಯಾವ."

ಮೇಲಿನಿಂದ ಸಾಹುಕಾರರ ದನಿ ಬಂತು. "ಅದಕ್ಕೇನೋ, ಒಡದ್ರ ಮುಗೀತು."

"ಸಾವಕಾರ್ರ, ಬಾಯಾಗ ಆ ಮಾತು ಬ್ಯಾಡ್ರಿ" ಎಂದರು ನಮ್ಮವರು. ಅವರು ಸಾಹುಕಾರರಿಗೆ ಹಾಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನಾಳಿ ನೀರಿಗೆ ಹೋಗಾಂವ ನಾ. ಹೆಂಡ್ತಿ ಕೈಯಾಗಿನ ಬಳಿ ಇವತ್ತ ಒಡೀಲೇನು?"

"ತಪ್ಪಾತಪ್ಪಾ, ತಪ್ಪಾತು" ಎಂದು ಸಾಹುಕಾರರು ಗಲ್ಲ ಬಡಿದುಕೊಂಡ ಸಪ್ಪಳ ಕೇಳಿತು.

ಅಲ್ಲಿಂದ ಶುರುವಾಯಿತು ನೋಡಿ ಮೇಲಿನ ಪಂಚಾಯಿತಿ. ಎಣ್ಣೆ ಹಾಕೋಣ ಎಂದರು. ಬಳೆ ಬಿಗಿಯಾಗಿದ್ದರೆ ಎಣ್ಣೆ, ಕಲ್ಲಿನಲ್ಲಿ ಹೂತಿದ್ದರೆ ಎಣ್ಣೆ ಏನು ಮಾಡುತ್ತದೆ? ಅಂಟು ಕರಗಿಸುವ ಥಿನ್ನರ್ ಹಾಕೋಣ ಎಂದರು. "ಒಂದು ಹನಿ ಹಾಕಿದ್ರ ನೋಡ್ರಿ ಮತ್ತ!" ಎಂದು ಕಿರುಚಿದೆ. ಬಳೆ ಬಿಡುವುದರ ಜೊತೆಗೆ ಸೆನ್ಸರೂ ಸಡಿಲವಾದರೆ ಇಷ್ಟೆಲ್ಲ ಯಾಕೆ ಮಾಡಿದ್ದು? ಬಲೆಯವನೊಬ್ಬ ಬಂದು ಗರಗಸದ ಬ್ಲೇಡಿನಿಂದ ಕೊಯ್ಯಿರಿ ಎಂದ. ಆಗ ನಮ್ಮವರು ಗಂಭೀರವಾಗಿ, "ಕೊಯ್ದರ ಒಡದಂಗ ಆಗಂಗಿಲ್ಲ, ಅಲ್ಲರಿ?" ಎಂದು ಸಾಹುಕಾರರನ್ನು ಕೇಳಿದರು. ನಾನಿಲ್ಲಿ ಬೋನಿಗೆ ಬಿದ್ದ ಇಲಿಯ ಹಾಗೆ ಒದ್ದಾಡುತ್ತಿದ್ದರೆ ಇವರಿಗೆ ಶಾಸ್ತ್ರವಿಚಾರ!

ರಕ್ತವೆಲ್ಲ ತಲೆಗಿಳಿದು ಕಿವಿ ಗುಂಯ್‌ಗುಟ್ಟುತ್ತಿತ್ತು. ಬೆವರು ಹಿಮ್ಮುಖವಾಗಿ ಹರಿದು ಮೂಗಿನೊಳಕ್ಕೆ, ಕಣ್ಣಿನೊಳಕ್ಕೆ ಹೋಗುತ್ತಿತ್ತು. ಕೈ ತಿರುಗಿಸಲು ಆಗದು, ತಲೆ ಎತ್ತಲು ಆಗದು, ಸರಿಯಾಗಿ ಅಳಲೂ ಆಗದು, ಅತ್ತರೆ ಉಸಿರು ಕಟ್ಟುತ್ತದೆ. ಎದೆಯ ಕೆಳಗಿನ ಪಟ್ಟಿ ಉಸಿರಿಗೊಮ್ಮೆ ಒತ್ತುತ್ತಿತ್ತು. ಇಲ್ಲೇ ಸತ್ತರೆ ನನ್ನನ್ನು ಹೊರಗೆ ತೆಗೆಯಲು ಇವರು ಮತ್ತೆಷ್ಟು ಹೊತ್ತು ವಾದ ಮಾಡುತ್ತಾರೋ ಎಂದು ಅನ್ನಿಸಿತು.

ಒಂದು ವಿಷಯ ಆವತ್ತು ಮೇಲಿದ್ದ ಯಾರಿಗೂ ನಾನು ಹೇಳಲಿಲ್ಲ. ಎದೆಯಡಿ ಮಡಚಿಕೊಂಡಿದ್ದ ನನ್ನ ಎಡಗೈ ಬಿಡುವಾಗಿತ್ತು. ಅದರಲ್ಲಿ ಒಂದು ಪಾನಾ ಇತ್ತು, ಮುಚ್ಚಳದ ನಟ್ಟು ಬಿಚ್ಚಲು ತಂದಿದ್ದ ಕಬ್ಬಿಣದ ಪಾನಾ. ಕಷ್ಟಪಟ್ಟು ತೂರಿಸಿದರೆ ಅದರ ತುದಿ ಬಳೆಗಳನ್ನು ಮುಟ್ಟುತ್ತಿತ್ತು. ಮುಟ್ಟಿ ನೋಡಿದ್ದೆ. ನಾಲ್ಕು ಏಟು ಸಾಕಿತ್ತು. ಇಂಡಿಯಲ್ಲಿ ಪಿಯುಸಿ ಓದಿದವಳು, ಊರ ಗಂಡಸರ ಮೋಟಾರು ಕಟ್ಟಿಕೊಡುವವಳು, ಬಾಯಿ ಬಿಟ್ಟರೆ ಎಲ್ಲರ ನಂಬಿಕೆಯನ್ನೂ ಗೇಲಿ ಮಾಡುವವಳು, ಪಾನಾ ಎತ್ತಿ ಹಿಡಿದು ಹೊಡೆಯಲಾರದೆ ಬಿದ್ದಿದ್ದೆ. ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ಬಂದ ಆ ಮುಖ ಕಣ್ಣಮುಂದೆ ನಿಲ್ಲುತ್ತಿತ್ತು. ನಾಳೆ ಏನಾದರೂ ಆದರೆ, ನನ್ನ ಕೈಯಾರೆ ಮಾಡಿದ್ದು ಎಂದು ನಾನೇ ನನ್ನನ್ನು ಬದುಕಿರುವವರೆಗೆ ತಿನ್ನುತ್ತೇನೆ. ನನ್ನನ್ನು ಹಿಡಿದಿದ್ದದ್ದು ಅಂಟಲ್ಲ, ಈ ಹೆದರಿಕೆ.

ಅಷ್ಟರಲ್ಲಿ ಅತ್ತೆ ಬುತ್ತಿ ತಂದರು. ನಮ್ಮತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಮಾತು ಕಡಿಮೆ, ಮಡಿ ಮೈಲಿಗೆ, ಶಕುನ, ವಾರ ತಿಥಿ ಎಲ್ಲ ಬಿಗಿ. ಮಂಗಳವಾರ ನಾನು ಉಗುರು ತೆಗೆದರೆ ಮೂರು ದಿನ ಮುಖ ಬಿಗಿಯುವ ಹೆಂಗಸು. ಅವರ ದನಿ ಕೇಳುತ್ತಲೇ ನನ್ನ ಜೀವ ಇನ್ನಷ್ಟು ಕುಸಿಯಿತು. ಇನ್ನು ಕತ್ತಲಾಗುವವರೆಗೆ ಇಲ್ಲೇ ಎಂದುಕೊಂಡೆ.

"ಹೊತ್ತು ಏರಿ ಇಳೀತು, ಹಸಿವಿ ಆಗಿಲ್ಲೇನು ನಿಮಗ?" ಎನ್ನುತ್ತ ಹತ್ತಿರ ಬಂದವರು ನನ್ನ ಕಾಲು ಕಂಡಿರಬೇಕು. "ಇಕಿ ಯಾಕ ಹಿಂಗ ಬಿದ್ದಾಳ?"

ನಮ್ಮವರು ಎಲ್ಲವನ್ನೂ ಹೇಳಿದರು. ಅವ್ವ ಏನಾದರೂ ದಾರಿ ಹೇಳಿಯಾಳು, ದೇವರ ಹೆಸರಿನಲ್ಲಿ ಹೊಸ ಬಳೆ ಎತ್ತಿಟ್ಟು ಮಾಡುವ ಯಾವುದಾದರೂ ಉಪಾಯ ಎಂದು ಅವರಿಗೆ ಆಸೆ. ಅತ್ತೆ ಚಪ್ಪಲಿ ಬಿಟ್ಟ ಸಪ್ಪಳ, ಮೀನಿನ ಕ್ರೇಟಿನ ಮೇಲೆ ಕಾಲಿಟ್ಟ ಸಪ್ಪಳ, ಬೋಟು ಸ್ವಲ್ಪ ಅಲುಗಿದ್ದು. ನನ್ನ ತಲೆಯ ಹತ್ತಿರವೇ ಇಂಜಿನ್ನಿನ ಪಕ್ಕದಲ್ಲಿ ಇನ್ನೊಂದು ಸಂದಿ ಇತ್ತು. ಗಂಡಸರ ತೋಳು ಹೋಗದ್ದು, ಬಳೆ ತೊಟ್ಟ ಕೈಯೂ ಹೋಗದ್ದು. ಅಲ್ಲಿಂದ ಒಂದು ಕೈ ಇಳಿದು ಬಂತು. ತೆಳ್ಳಗಿನ, ಎಲುಬೆದ್ದ, ಏನೂ ಇಲ್ಲದ ಕೈ. ಬಳೆ ಇರಬೇಕಾದ ಜಾಗದಲ್ಲಿ ಹಳೆಯ ಹಚ್ಚೆಯ ಚುಕ್ಕೆಗಳು. ಇಷ್ಟು ವರ್ಷ ಅದೇ ಕೈ ರೊಟ್ಟಿ ತಟ್ಟಿದ್ದನ್ನು ತಿಂದಿದ್ದೆ, ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ತಂಗಿ, ಕೈಯಾಗ ಏನ್ ಹಿಡದಿ?"

"ಪಾನಾ, ಅತ್ತಿ."

"ಕೊಡು ಇಲ್ಲೆ."

ಕೊಟ್ಟೆ. ಮೇಲಿನಿಂದ ನಮ್ಮವರು "ಅವ್ವಾ, ಬ್ಯಾಡವ್ವಾ! ನಾಳಿ ನಾ..." ಎಂದು ಅಳುವ ದನಿಯಲ್ಲಿ ಕೂಗಿದರು.

"ಸುಮ್ನಿರು" ಎಂದರು ಅತ್ತೆ. ಸಿಟ್ಟಿನಿಂದಲ್ಲ. "ನನ್ನವು ಒಡಿಯೂಮುಂದ ಯಾರೂ ಇಷ್ಟೊತ್ತು ವಿಚಾರ ಮಾಡಲಿಲ್ಲ."

"ಕಣ್ಣು ಮುಚ್ಚು, ಚೂರು ಹಾರ್ತಾವ" ಎಂದರು ನನಗೆ. ಮುಚ್ಚಿದೆ. ಇನ್ನೊಂದು ಕೈಯನ್ನೂ ಅದೇ ಸಂದಿಯಿಂದ ಇಳಿಸಿ ಒಂದೊಂದಾಗಿ ಒಡೆದರು. ಅವಸರ ಮಾಡಲಿಲ್ಲ, ಪ್ರತಿ ಏಟಿಗೂ ನನ್ನ ಚರ್ಮ ಮತ್ತು ಬಳೆಯ ನಡುವೆ ತಮ್ಮ ಹೆಬ್ಬೆರಳು ಇಟ್ಟು ಒಡೆದರು. ಹನ್ನೆರಡೂ ಮುಗಿದ ಮೇಲೆ ಸೆನ್ಸರನ್ನು ತಟ್ಟಿ ನೋಡಿ, "ಗಟ್ಟಿ ಕುಂತೈತಿ" ಎಂದರು. ನನ್ನನ್ನು ಮೇಲೆ ಎಳೆದಾಗ ಮಣಿಕಟ್ಟಿನಲ್ಲಿ ಎರಡು ಗೀರು ಬಿಟ್ಟರೆ ಗಾಯವಿರಲಿಲ್ಲ. ಅವರ ಹೆಬ್ಬೆರಳಿನಿಂದ ರಕ್ತ ಇಳಿಯುತ್ತಿತ್ತು. ಸೆರಗಿನಲ್ಲಿ ಸುತ್ತಿಕೊಂಡು ಬುತ್ತಿ ಬಿಚ್ಚಿದರು. ನಾನು ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ, ಯಾರಿಗೂ ನಾಚದೆ.

ಸೋಮವಾರ ಬೆಳಿಗ್ಗೆ ನಮ್ಮವರು ಎದ್ದವರೇ ನನ್ನ ಕೈಯ ಕಡೆ ನೋಡದೆ ಓಡಾಡಿದರು. ಸಾಹುಕಾರರ ಫೋನು ಎರಡು ಸಲ ಬಂತು. "ಬಾಗೇವಾಡಿಗೆ ಹೋಗಿ ಬಳಿ ತೊಟ್ಟು ಬಾ. ಆಮ್ಯಾಲ ಹೋಗ್ತೇನಿ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಹಲ್ಲು ಹೋದ ದಿವಸ ನನ್ನ ಎರಡೂ ಕೈ ತುಂಬ ಬಳಿ ಇದ್ವಲ್ರಿ! ಅವೇನು ಮಾಡಿದ್ವು? ಅಗಸಿಗೆ ಅಡ್ಡ ಬಂದ್ವೇನು?"

ಅವರು ಗೂಟದ ಮೇಲಿನ ಟವೆಲ್ಲು ತೆಗೆದುಕೊಂಡರು. ಮಗ ಹೊರಡುವ ಹೊತ್ತಿಗೆ ಅತ್ತೆ ಯಾವಾಗಲೂ ಹಿತ್ತಲಿಗೆ ಹೋಗಿಬಿಡುತ್ತಾರೆ, ಎದುರಿಗೆ ಬರಬಾರದೆಂದು. ಅವತ್ತೂ ಹೋದರು. ಇಷ್ಟು ವರ್ಷ ಅದನ್ನು ನಾನೂ ನೋಡುತ್ತಲೇ ಇದ್ದೆ, ಒಮ್ಮೆಯೂ ಕರೆದಿರಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಆದರೆ ಅವತ್ತೂ ಕರೆಯಲು ಬಾಯಿ ಬರಲಿಲ್ಲ. ಬೈಕಿನ ಹಿಂದೆ ಹತ್ತಿ ಕೂತು, "ನಾನೂ ಬರ್ತೇನಿ ಬೋಟಿನಾಗ" ಎಂದೆ.

ನೀರಿಗೆ ಇಳಿಸಿದ ಕೂಡಲೇ ಪರದೆಯಲ್ಲಿ ಅಂಕಿ ಮೂಡಿತು. ಆರು. ಸ್ವಲ್ಪ ಮುಂದೆ ಒಂಬತ್ತು, ಹದಿನಾಲ್ಕು, ಇಪ್ಪತ್ತೈದು. ನಾನು ಅಂಕಿ ಓದುತ್ತ ಹೋದೆ, ಅವರು ಮಾತಿಲ್ಲದೆ ಓಡಿಸಿದರು. ಬಾವಿಗೆ ಬಿದ್ದವಳಂತೆ ನನಗೆ ಸುತ್ತಲೂ ನೀರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಗಾಳಿಗೆ ಸಣ್ಣ ಅಲೆ, ಎಲ್ಲ ಕಡೆ ಒಂದೇ ಥರದ ಮಣ್ಣುಬಣ್ಣ. ಬೇಕೆಂದರೂ ಇಳಿಯಲಾಗದು.

"ಅಗಸಿ ಎಡಕ್ಕ, ಇನ್ನಾ ದೂರ ಐತಿ" ಎಂದು ಅವರು ವೇಗ ಹೆಚ್ಚಿಸಿದರು.

"ಇಪ್ಪತ್ತೆರಡು" ಎಂದೆ. "ಇಪ್ಪತ್ತು. ಹದಿನೆಂಟು. ಹದಿನೆಂಟು." ಆಮೇಲೆ ಒಮ್ಮೆಲೇ ಅಂಕಿ ಹತ್ತಕ್ಕೆ ಬಿತ್ತು. "ಹತ್ತು! ಹೊಳ್ಳಸ್ರಿ! ಬಲಕ್ಕ ಹೊಳ್ಳಸ್ರಿ!"

ಅವರು ಬ್ರೇಕು ಹುಡುಕುವವರಂತೆ ವೇಗ ಇಳಿಸಲು ಹೋದರು. ವಿಡಿಯೋಗಳಲ್ಲಿ ನೋಡಿದ್ದೆ, ಜೆಟ್ ಬೋಟಿನ ದೊಡ್ಡ ಐಬು ಅದೇ, ನೀರು ಉಗುಳುವುದು ನಿಂತರೆ ತಿರುಗುವುದೂ ಇಲ್ಲ. "ಇಳಸಬ್ಯಾಡ್ರಿ, ಕೊಡ್ರಿ!" ಎಂದು ಕೂಗಿದೆ. ಪೂರ್ತಿ ವೇಗ ಕೊಟ್ಟು ಬಲಕ್ಕೆ ತಿರುಗಿಸಿದರು. ಬೋಟು ಒಂದು ಮಗ್ಗುಲಿಗೆ ವಾಲಿತು. ಪರದೆಯಲ್ಲಿ ಏಳು, ಐದು. ಆಮೇಲೆ ಹದಿನೇಳು, ಹದಿನೆಂಟು. ಎಡಗಡೆ ಎರಡು ಮಾರು ದೂರದಲ್ಲಿ ಅಲೆ ಒಂದೇ ಜಾಗದಲ್ಲಿ ಮುರಿಯುತ್ತಿತ್ತು. ಅದರ ಕೆಳಗೆ ಪಾಚಿಗಟ್ಟಿದ ಕಲ್ಲು ಒಂದು ಗೇಣಿನ ಆಳದಲ್ಲಿ ಕಂಡು ಮರೆಯಾಯಿತು.

ಇಂಜಿನ್ನು ಆರಿಸಿ ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. "ನಾ ಸೀದಾ ಹೊಂಟಿದ್ದೆ" ಎಂದರು. "ಸೀದಾ ಅದರ ಮ್ಯಾಲ ಹೊಂಟಿದ್ದೆ." ನನ್ನ ಬರಿಗೈಯನ್ನು ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತರು.

ತಿರುಗಿ ಬಂದಾಗ ಅತ್ತೆ ದಂಡೆಯಲ್ಲಿದ್ದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕಾಲು ನೀರಿಗೆ ತಾಗುವಷ್ಟು ಮುಂದೆ ಬಂದು ನಿಂತಿದ್ದರು. ಮಗನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆಮೇಲೆ ನನ್ನನ್ನು ಕೇಳಿದರು.

"ಅಗಸಿ ಮುಂದ ಎಷ್ಟೈತಿ ನೀರು? ತೋರಸ್ತೇನು ಅದು?"

"ಹದಿನೆಂಟು ಅಡಿ, ಅತ್ತಿ."

"ಹದಿನೆಂಟs ಏನು?" ಎಂದರು. "ಅಲ್ಲೇ ಕುಂದರಿಸಿ ನನ್ನ ಬಳಿ ಒಡದಿದ್ರು. ಆ ಜಾಗ ಭಾಳ ಕೆಳಗ ಹೋಗೇತಿ ಅಂತ ನಾ ತಿಳಿದಿದ್ದೆ."